ಸಹಾಯ ಬೇಕು: ಬ್ರೂಟಸ್, ಆಂಟನಿ ಭಾಷಣಗಳ ಹೋಲಿಕೆ

ಎಲ್ಲರಿಗೂ ನಮಸ್ಕಾರ. ಶೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’, 3ನೇ ಅಂಕದ 2ನೇ ದೃಶ್ಯದಲ್ಲಿ ಸೀಸರ್ ಕೊಲೆಯಾದ್ಮೇಲೆ ರೋಮ್ ಜನರ ಮುಂದೆ ಮಾಡೋ ಎರಡು ಭಾಷಣಗಳನ್ನ ಹೋಲಿಸಿ ಬರೀಬೇಕು: ಒಂದು ಕೊಂದವರಲ್ಲೊಬ್ಬನಾದ ಬ್ರೂಟಸ್‌ದು, ಇನ್ನೊಂದು ಸೀಸರ್‌ನ ಗೆಳೆಯ ಆಂಟನಿದು. ಬ್ರೂಟಸ್ ಗದ್ಯದಲ್ಲಿ ತರ್ಕ ಮಾಡ್ತಾನೆ, ಆಂಟನಿ ಪದ್ಯದಲ್ಲಿ ಅಳಿಸ್ತಾನೆ ಅಂತ ಎರಡು ಪುಟ ಬರೆದಿದ್ದೆ. ಮತ್ತೆ ಓದಿದ್ಮೇಲೆ ತಲೆ ಕೆಟ್ಟುಹೋಯ್ತು. ಸೀಸರ್ ಮೂರು ಸಲ ಕಿರೀಟ ಬೇಡ ಅಂದ, ಖಜಾನೆ ತುಂಬಿಸಿದ ಅಂತ ಸಾಕ್ಷಿ ಕೊಡೋನೇ ಆಂಟನಿ! ಬ್ರೂಟಸ್ ಬರೀ ‘ಅವನಿಗೆ ಅಧಿಕಾರದಾಸೆ ಇತ್ತು’ ಅಂತಾನೆ, ನನ್ನ ಮರ್ಯಾದೆ ನೋಡಿ ನಂಬಿ ಅಂತಾನೆ. ಜನ ಅದಕ್ಕೂ ಮರುಳಾಗಿ ‘ಇವನೇ ಸೀಸರ್ ಆಗ್ಲಿ’ ಅಂತ ಕೂಗ್ತಾರೆ (ಪಾಪ, ಬ್ರೂಟಸ್‌ಗೆ ಹೇಗಾಗಿರಬೇಕು!). ಗೈಡ್ ನೋಡಿದ್ರೆ ಅದೇ ಹಳೇ ತರ್ಕ, ಭಾವನೆ ವಿಂಗಡಣೆ. ನಾನು ಸಿಕ್ಕಿಹಾಕ್ಕೊಂಡಿರೋದು ಆಂಟನಿ ಜನರಿಗೆ ಓದಿ ಹೇಳೋ ಸೀಸರ್‌ನ ಉಯಿಲಿನ ಹತ್ರ. ರೋಮ್‌ನ ಪ್ರತಿಯೊಬ್ಬ ಪ್ರಜೆಗೂ 75 ದ್ರಾಕ್ಮಾ (ಬೆಳ್ಳಿ ನಾಣ್ಯ) ಅನ್ನೋದನ್ನ ಪುರಾವೆ ಅಂತ ಬರೀಲಾ, ಆಮಿಷ ಅಂತ ಬರೀಲಾ? ಯಾಕೆ ಅಂತಾನೂ ಹೇಳಿ.