ಹೆಬ್ಬಾತುಗಳ ಮೇಲೊಂದು ಮೊಕದ್ದಮೆ

ಪಕ್ಷಿವೀಕ್ಷಣೆಗೆ ಮೊದಲು ಬೇಕಾದದ್ದು ಮೌನ ಎಂದು ಬಲ್ಲವರು ಹೇಳುತ್ತಾರೆ. ನಮ್ಮ ತಂಡದಲ್ಲಿ ಒಬ್ಬ ವಕೀಲರು, ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರರು, ಒಬ್ಬ ಮೆಡಿಕಲ್ ಅಂಗಡಿಯ ಸಾಹುಕಾರರು ಮತ್ತು ಈ ಮೂವರನ್ನೂ ಹದ್ದುಬಸ್ತಿನಲ್ಲಿಡುವ ಹೊಣೆಯನ್ನು ತಾವಾಗಿಯೇ ಹೊತ್ತುಕೊಂಡ ಪ್ರೌಢಶಾಲೆಯ ವಿಜ್ಞಾನದ ಅಕ್ಕೋರು ಇದ್ದುದರಿಂದ, ಮೌನದ ವಿಚಾರ ಹುಬ್ಬಳ್ಳಿ ದಾಟುವ ಮೊದಲೇ ಇತ್ಯರ್ಥವಾಗಿ ಹೋಯಿತು. ನಾವು ಹೊರಟಿದ್ದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ. ಸಾಹುಕಾರರು ಮಾತ್ರ ಹಿಂದಿನ ರಾತ್ರಿ ಮೊಬೈಲಿನ ನಕ್ಷೆಯಲ್ಲಿ ಕೆಂಪೇಗೌಡರ ಮಾಗಡಿಯನ್ನು ಹುಡುಕಿ ತೆಗೆದು, ಅಷ್ಟು ದೂರ ಒಂದೇ ದಿನದಲ್ಲಿ ಹೋಗಿ ಬರುವುದು ಸಾಧ್ಯವಿಲ್ಲವೆಂದು ತೀರ್ಮಾನಿಸಿ, ಹಾಸಿಗೆ ಸುರುಳಿ ಮತ್ತು ಒಂದು ಚೀಲ ಗುಳಿಗೆಗಳೊಂದಿಗೆ ಕಾರು ಹತ್ತಿದ್ದರು.

ಅಕ್ಕೋರ ಅಪ್ಪಣೆಯಂತೆ ಬೆಳಕು ಹರಿಯುವ ಹೊತ್ತಿಗೆ ನಾವು ಕೆರೆಯ ಏರಿಯ ಮೇಲಿರಬೇಕಿತ್ತು. ಆದರೆ ಗದಗಿನ ಮೂಲಕ ಹೋಗುವವರು ಬದನೆಕಾಯಿ ಭಜಿ ತಿನ್ನದೆ ಮುಂದೆ ಸಾಗಿದರೆ ಆ ಊರಿಗೆ ಅವಮಾನ ಮಾಡಿದಂತಾಗುತ್ತದೆ ಎಂದು ಮ್ಯಾನೇಜರರು ಹಟ ಹಿಡಿದರು. ಭಜಿಯ ಹಿಂದೆ ಮಿರ್ಚಿ ಬಂತು, ಮಿರ್ಚಿಯ ಖಾರಕ್ಕೆ ಚಹಾ ಬಂತು, ಚಹಾ ಬಂದ ಮೇಲೆ ರಾಜಕೀಯ ಬಾರದೆ ಇರಲಿಲ್ಲ. ಮಾಗಡಿ ತಲುಪಿ ದುರ್ಬೀನು ಕಣ್ಣಿಗೆ ಹಿಡಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ನೀರಿನಂಚಿನ ಕೆಸರಿನ ಮೇಲೆ ನೂರಾರು ಪಟ್ಟೆತಲೆ ಹೆಬ್ಬಾತುಗಳು ಕತ್ತನ್ನು ಬೆನ್ನಿನ ಗರಿಗಳೊಳಗೆ ಹುದುಗಿಸಿ, ಹಲವು ಒಂಟಿಕಾಲಿನಲ್ಲಿ ನಿಂತು, ಗಾಢವಾಗಿ ನಿದ್ರಿಸುತ್ತಿದ್ದವು.

“ಹಿಮಾಲಯವನ್ನು ದಾಟಿ ಬರುವ ಹಕ್ಕಿ ಎಂದು ಹೇಳಿ ಕರೆತಂದಿರಿ. ಇವು ನೋಡಿದರೆ ಮಲಗಿವೆ. ಮಲಗುವುದೇ ಆಗಿದ್ದರೆ ಮಂಗೋಲಿಯಾದಲ್ಲಿಯೇ ಮಲಗಬಹುದಿತ್ತಲ್ಲ!” ಎಂದು ಮ್ಯಾನೇಜರರು ನಿರಾಶೆಯಿಂದ ಹೇಳಿದರು.

“ಮಂಗೋಲಿಯಾದಲ್ಲಿ ಈಗ ಕೆರೆಗಳೆಲ್ಲ ಹೆಪ್ಪುಗಟ್ಟಿರುತ್ತವೆ ಸರ್. ಇವು ಚಳಿಗೆ ಹೆದರಿ ಬಂದವಲ್ಲ, ಹಸಿವಿಗೆ ಹೆದರಿ ಬಂದವು. ಹುಲ್ಲು ತಿಂದು ಬದುಕುವ ಹಕ್ಕಿಗೆ ಹಿಮದ ಕೆಳಗೆ ಏನು ಸಿಗುತ್ತದೆ? ಇನ್ನು ನಿದ್ದೆಯ ಮಾತು. ಇಲ್ಲಿ ಇವುಗಳದು ರಾತ್ರಿ ಪಾಳಿ. ಸಂಜೆ ಹೊಲಗಳಿಗೆ ಹೋಗಿ ಮೇಯುತ್ತವೆ, ಬೆಳಿಗ್ಗೆ ಕೆರೆಗೆ ಮರಳುತ್ತವೆ, ಹಗಲು ವಿಶ್ರಾಂತಿ. ಮರಳುವ ದೃಶ್ಯವನ್ನು ನೋಡಬೇಕಿದ್ದರೆ ನೀವು ಭಜಿಯ ಎರಡನೆಯ ಪ್ಲೇಟನ್ನು ತ್ಯಾಗ ಮಾಡಬೇಕಿತ್ತು” ಎಂದರು ಅಕ್ಕೋರು. ಮ್ಯಾನೇಜರರು ದುರ್ಬೀನನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿದರು.

ಅಷ್ಟರಲ್ಲಿ ಹತ್ತಿರದ ಹೆಬ್ಬಾತೊಂದು ಕತ್ತು ಹೊರಗೆಳೆದು ನಮ್ಮನ್ನು ದಿಟ್ಟಿಸಿತು. ಬೂದುಬಣ್ಣದ ಮೈ, ಕಿತ್ತಳೆ ಬಣ್ಣದ ಕಾಲು, ಅದೇ ಛಾಯೆಯ ಕೊಕ್ಕು, ಬೆಳ್ಳಗಿನ ತಲೆಯ ಹಿಂಭಾಗದಲ್ಲಿ ಅಡ್ಡಲಾಗಿ ಎಳೆದ ಎರಡು ಕಪ್ಪು ಪಟ್ಟೆಗಳು. ಸಾಹುಕಾರರು ಬಹಳ ಹೊತ್ತು ಪರೀಕ್ಷಿಸಿ, “ಬಾರ್‌ಕೋಡಿನಂತೆಯೇ ಇದೆ, ಆದರೆ ಎರಡೇ ಗೆರೆ, ಇದು ನಮ್ಮ ಯಂತ್ರದಲ್ಲಿ ಓದುವುದಿಲ್ಲ” ಎಂದು ವೃತ್ತಿಪರ ಅಭಿಪ್ರಾಯ ನೀಡಿದರು.

ಎರಡು, ಮೂರು ಕಿಲೋ ತೂಗುವ ಈ ಹಕ್ಕಿ ಹಿಮಾಲಯವನ್ನು ದಾಟುವ ಬಗೆಯನ್ನು ಅಕ್ಕೋರು ವಿವರಿಸತೊಡಗಿದಾಗ ನಮ್ಮ ತಂಡ ಮೊದಲ ಬಾರಿಗೆ ಕಿವಿಗೊಟ್ಟಿತು. ವಿಜ್ಞಾನಿಗಳು ಉಪಕರಣ ಕಟ್ಟಿ ಹಿಂಬಾಲಿಸಿದ ಹೆಬ್ಬಾತುಗಳಲ್ಲಿ ಒಂದು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಹದ್ದಿನ ಹಾಗೆ ಬಿಸಿಗಾಳಿಯ ಮೇಲೆ ತೇಲುವ ಸೌಕರ್ಯವೂ ಇದಕ್ಕಿಲ್ಲ. ಉದ್ದಕ್ಕೂ ರೆಕ್ಕೆ ಬಡಿಯಲೇಬೇಕು. ಅದರಲ್ಲಿಯೂ ಗಾಳಿ ತಣ್ಣಗೆ ದಟ್ಟವಾಗಿರುವ ರಾತ್ರಿಯನ್ನೋ ನಸುಕನ್ನೋ ಇದು ಹೆಚ್ಚಾಗಿ ಆರಿಸಿಕೊಳ್ಳುತ್ತದೆ.

“ರಕ್ತದಲ್ಲಿ ಹಿಮೋಗ್ಲೋಬಿನ್ ಹೆಚ್ಚಿರಬೇಕು. ನಾನೂ ಟಾನಿಕ್ ಕೊಡುವಾಗ ಅದನ್ನೇ ಹೇಳುತ್ತೇನೆ” ಎಂದರು ಸಾಹುಕಾರರು.

“ಪ್ರಮಾಣದ ಮಾತಲ್ಲ ಸಾಹುಕಾರರೇ, ಗುಣದ ಮಾತು. ಇದರ ಹಿಮೋಗ್ಲೋಬಿನ್ನಿನ ರಚನೆಯಲ್ಲಿಯೇ ಸಣ್ಣ ವ್ಯತ್ಯಾಸವಿದೆ. ಆಮ್ಲಜನಕ ವಿರಳವಾಗಿರುವಲ್ಲಿಯೂ ಅದು ಬಾಚಿ ಹಿಡಿದುಕೊಳ್ಳುತ್ತದೆ. ಶ್ವಾಸಕೋಶವೂ ದೊಡ್ಡದು, ಹಾರುವ ಸ್ನಾಯುಗಳೊಳಗೆ ಸೂಕ್ಷ್ಮ ರಕ್ತನಾಳಗಳ ಜಾಲವೂ ದಟ್ಟವಾದದ್ದು. ಇದು ನಿಮ್ಮ ಟಾನಿಕ್ಕಿನಿಂದ ಬರುವುದಿಲ್ಲ.”

ಸಾಹುಕಾರರು ಸ್ವಲ್ಪ ಪೆಚ್ಚಾದರು. ಅಕ್ಕೋರು ಮುಂದುವರಿಸಿ, ಹೆಬ್ಬಾತು ಒಮ್ಮೆ ಎತ್ತರಕ್ಕೇರಿದ ಮೇಲೆ ಅದೇ ಎತ್ತರದಲ್ಲಿ ನೇರವಾಗಿ ಸಾಗುವುದಿಲ್ಲವೆಂದೂ, ಕಣಿವೆ ಬಂದರೆ ಇಳಿದು ಬೆಟ್ಟ ಬಂದರೆ ಮತ್ತೆ ಏರುತ್ತ ನೆಲದ ಏರಿಳಿತವನ್ನೇ ಅನುಸರಿಸುತ್ತದೆಂದೂ ಹೇಳಿದಾಗ ಮ್ಯಾನೇಜರರಿಗೆ ಸಂಕಟವಾಯಿತು. ಕಷ್ಟಪಟ್ಟು ಸಂಪಾದಿಸಿದ ಎತ್ತರವನ್ನು ಹೀಗೆ ಕೈಬಿಡುವುದು ಅಸಲಿಗೇ ನಷ್ಟ ಎಂಬುದು ಅವರ ವಾದ.

“ಹಾಗೆಂದು ನಮಗೆ ತೋರುತ್ತದೆ. ಆದರೆ ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ತೇಲಲು ರೆಕ್ಕೆಯನ್ನು ಹೆಚ್ಚು ವೇಗವಾಗಿ ಬಡಿಯಬೇಕು. ಬಡಿತದ ವೇಗ ತುಸು ಹೆಚ್ಚಿದರೂ ಹೃದಯದ ಮೇಲಿನ ಹೊರೆ ಬಹಳ ಹೆಚ್ಚುತ್ತದೆ. ಆದ್ದರಿಂದ ಎತ್ತರದಲ್ಲಿಯೇ ಉಳಿಯುವುದಕ್ಕಿಂತ ಇಳಿದು ಮತ್ತೆ ಏರುವುದೇ ಅಗ್ಗ.”

“ಓಹೋ! ಎತ್ತರದಲ್ಲಿ ನಿಲ್ಲುವುದಕ್ಕೆ ಬಡ್ಡಿ ಹೆಚ್ಚು ಎನ್ನಿ. ಇದನ್ನು ಮೊದಲೇ ಹೀಗೆ ಹೇಳಬಾರದಿತ್ತೇ?” ಎಂದರು ಮ್ಯಾನೇಜರರು. ಅಲ್ಲಿಂದ ಮುಂದೆ ಹೆಬ್ಬಾತಿನ ಬಗ್ಗೆ ಅವರ ಗೌರವ ಹೆಚ್ಚಿದ್ದನ್ನು ನಾನು ಗಮನಿಸಿದೆ.

ಉಳಿದ ಹಕ್ಕಿಗಳಿಗೆ ನಾವು ನ್ಯಾಯ ಒದಗಿಸಲಿಲ್ಲವೆಂದೇ ಹೇಳಬೇಕು. ಸೂಜಿಬಾಲದ ಬಾತುಗಳು ನೀರಿನ ನಡುವೆ ಬಾಲ ಮೇಲೆತ್ತಿ ತಲೆಕೆಳಗಾಗುತ್ತಿದ್ದವು. ಬಣ್ಣದ ಕೊಕ್ಕರೆಗಳು ಬಾಯಿ ತೆರೆದು ಕೆಸರು ಜಾಲಾಡುತ್ತಿದ್ದವು. ಹಣೆಯ ಮೇಲೆ ಬಿಳಿಯ ನಾಮ ಧರಿಸಿದ ನಾಮದ ಕೋಳಿಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗಿ ಗುದ್ದಾಡುತ್ತಿದ್ದವು. ಇಷ್ಟು ದೊಡ್ಡ ನಾಮ ಹಾಕಿಕೊಂಡು ಇಂಥ ನಡತೆಯೇ ಎಂದು ಸಾಹುಕಾರರು ಬೇಸರಪಟ್ಟುಕೊಂಡರು, ಅಷ್ಟೆ.

ಮೊಕದ್ದಮೆ ಆರಂಭವಾದದ್ದು ಊಟದ ನಂತರ. ಏರಿಯ ಕೆಳಗಿನ ಮರದ ನೆರಳಿನಲ್ಲಿ ರೊಟ್ಟಿ ಬಿಚ್ಚಿ ಕುಳಿತಿದ್ದ ನಮ್ಮ ಬಳಿಗೆ ಪಕ್ಕದ ಹೊಲದ ಯಜಮಾನರೊಬ್ಬರು ಬಂದು ಕುಶಲ ವಿಚಾರಿಸಿ, ಟವೆಲಿನಲ್ಲಿ ಕಟ್ಟಿ ತಂದಿದ್ದ ಶೇಂಗಾವನ್ನು ನಡುವೆ ಸುರುವಿದರು. ದೂರದ ಊರಿನಿಂದ ಹಕ್ಕಿ ನೋಡಲು ಬಂದಿದ್ದೇವೆಂದು ನಾವು ಹೆಮ್ಮೆಯಿಂದ ಹೇಳಿದಾಗ ಅವರು, “ನೋಡಿರಿ, ಚೆನ್ನಾಗಿ ನೋಡಿರಿ. ನಾವು ಬೆಳೆದದ್ದನ್ನು ತಿಂದು ಮೈತುಂಬಿಕೊಂಡಿವೆ” ಎಂದು ನಕ್ಕರು. ಕಡಲೆಯ ಎಳೆ ಚಿಗುರು, ನೆಲದಲ್ಲಿ ಉಳಿದ ಶೇಂಗಾ, ಮೇಲೇಳುತ್ತಿರುವ ಗೋಧಿಯ ಪೈರು, ಯಾವುದಾದರೂ ಆದೀತು. ಕತ್ತಲಾದ ಮೇಲೆ ಬಂದಿಳಿಯುತ್ತವೆ. ಡಬ್ಬ ಬಡಿದರೆ ಎದ್ದು ಪಕ್ಕದವರ ಹೊಲಕ್ಕೆ ಹೋಗುತ್ತವೆ, ಪಕ್ಕದವರು ಬಡಿದರೆ ಮರಳಿ ಇಲ್ಲಿಗೇ ಬರುತ್ತವೆ.

ವಕೀಲರು ಶೇಂಗಾ ಸುಲಿಯುತ್ತಲೇ ನೆಟ್ಟಗೆ ಕುಳಿತರು. “ರಾತ್ರಿ ವೇಳೆ ಅಕ್ರಮ ಪ್ರವೇಶ, ಗುಂಪುಗೂಡಿ ಬೆಳೆ ಕಳವು. ಆದರೆ ಯಜಮಾನರೇ, ಆರೋಪಿ ಯಾರೆಂದು ಗುರುತಿಸಬಲ್ಲಿರಾ?”

“ಎಲ್ಲವೂ ಒಂದೇ ಥರ ಇವೆಯಲ್ಲ ಸಾಹೇಬರೇ.”

“ಪ್ರಕರಣ ಅಲ್ಲಿಯೇ ದುರ್ಬಲವಾಯಿತು” ಎಂದರು ವಕೀಲರು. ಆಗ ಅಕ್ಕೋರು, ಮಂಗೋಲಿಯಾದಲ್ಲಿ ಕೆಲವು ಹೆಬ್ಬಾತುಗಳ ಕೊರಳಿಗೆ ಅಕ್ಷರ ಬರೆದ ಪಟ್ಟಿ ಹಾಕುವ ಪದ್ಧತಿಯಿದೆಯೆಂದೂ, ಮರಿ ಮಾಡಿದ ಮೇಲೆ ಬೇಸಿಗೆಯಲ್ಲಿ ಹಾರುಗರಿಗಳೆಲ್ಲ ಒಟ್ಟಿಗೇ ಉದುರಿ ಕೆಲವು ವಾರ ಇವು ಹಾರಲಾರದೆ ಇರುವಾಗ ಹಿಡಿದು ಹಾಕುತ್ತಾರೆಂದೂ, ಅಂಥ ಪಟ್ಟಿಯ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆಯೆಂದೂ ತಿಳಿಸಿದರು. ಗುರುತಿನ ಚೀಟಿಯಿರುವ ಆರೋಪಿ ದೊರೆಯುವನೆಂಬ ಆಸೆಯಿಂದ ವಕೀಲರು ನನ್ನ ದುರ್ಬೀನನ್ನು ಕಸಿದುಕೊಂಡು ನಿದ್ರಿಸುತ್ತಿದ್ದ ಪ್ರತಿಯೊಂದು ಕೊರಳನ್ನೂ ತಪಾಸಣೆ ಮಾಡಿದರು. ಒಂದರಲ್ಲಿಯೂ ಪಟ್ಟಿ ಇರಲಿಲ್ಲ. ಇದ್ದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೆಬ್ಬಾತಿನ ಪರವಾಗಿಯೇ ನಿಲ್ಲುತ್ತದೆಂಬುದು ಅವರಿಗೆ ಆಮೇಲೆ ನೆನಪಾಯಿತು.

ಸಾಹುಕಾರರು ಹೆಬ್ಬಾತುಗಳ ಪರ ವಕಾಲತ್ತು ವಹಿಸಿದರು. “ತಿನ್ನುತ್ತವೆ ನಿಜ, ಆದರೆ ಗೊಬ್ಬರವನ್ನೂ ಕೊಡುತ್ತವಲ್ಲ?”

“ತಿನ್ನುವುದು ಹೊಲದಲ್ಲಿ, ಕೊಡುವುದು ಕೆರೆಯಲ್ಲಿ” ಎಂದರು ಯಜಮಾನರು.

ಹೆಬ್ಬಾತು ಮೇಯುತ್ತಲೇ ಹಿಕ್ಕೆ ಹಾಕುವ ಹಕ್ಕಿಯಾದ್ದರಿಂದ ಹೊಲಕ್ಕೂ ಪಾಲು ಸಂದೇ ಸಲ್ಲುತ್ತದೆ ಎಂದು ಅಕ್ಕೋರು ತಿದ್ದುಪಡಿ ಸೂಚಿಸಿದರು. ಯಜಮಾನರು ಒಪ್ಪಿಕೊಂಡರು, ಆದರೆ ಆ ಪಾಲಿಗಿಂತ ಒಂದು ಗಾಡಿ ತಿಪ್ಪೆಗೊಬ್ಬರವೇ ವಾಸಿ ಎಂಬ ಅವರ ಮುಖಭಾವ ಬದಲಾಗಲಿಲ್ಲ. ನನಗೂ ಅವರ ಲೆಕ್ಕವೇ ಸರಿಯೆನಿಸಿತು. ವಿದೇಶಿ ಅತಿಥಿಗಳೆಂದು ನಾವು ಪತ್ರಿಕೆಗಳಲ್ಲಿ ಬರೆದುಕೊಳ್ಳುತ್ತೇವೆ, ಊಟದ ಖರ್ಚು ಮಾತ್ರ ಬೇರೆಯವರ ತಲೆಯ ಮೇಲೆ.

ವಕೀಲರು ಪೂರ್ವನಿದರ್ಶನಗಳಿಗೆ ಕೈಹಾಕಿದರು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳು ಗೂಡು ಕಟ್ಟುವ ಹುಣಸೆಮರಗಳ ಫಸಲಿಗೆ ಬದಲಾಗಿ ಅರಣ್ಯ ಇಲಾಖೆ ಮಾಲೀಕರಿಗೆ ಪರಿಹಾರ ಕೊಡುವ ವ್ಯವಸ್ಥೆಯಿದೆ. ತಮಿಳುನಾಡಿನ ವೇಡಂತಾಂಗಲ್‌ನಲ್ಲಿ ಹಕ್ಕಿಗಳ ಹಿಕ್ಕೆ ಬೆರೆತ ಕೆರೆಯ ನೀರು ಗದ್ದೆಗಳಿಗೆ ಹಾಯುತ್ತದೆ; ಆದ್ದರಿಂದಲೇ ಆ ಊರಿನವರು ಬ್ರಿಟಿಷರ ಕಾಲದಲ್ಲಿಯೇ ಹಕ್ಕಿಗಳಿಗೆ ಗುಂಡು ಹಾರಿಸುವುದನ್ನು ತಡೆಯುವಂತೆ ಅಧಿಕಾರಿಗಳಿಂದ ಪತ್ರ ಬರೆಸಿಕೊಂಡಿದ್ದರು. “ಅಲ್ಲಿ ಮರಕ್ಕೆ ಲೆಕ್ಕವಿದೆ, ಮರ ಓಡಿಹೋಗುವುದಿಲ್ಲ. ಇಲ್ಲಿ ಎಷ್ಟು ಚಿಗುರು ಹೋಯಿತು, ಯಾರ ಹೊಲದ್ದು, ಯಾವ ರಾತ್ರಿ ಎಂದು ಸಾಬೀತು ಮಾಡುವುದು ಹೇಗೆ?” ಎಂದು ತಮ್ಮ ವಾದವನ್ನು ತಾವೇ ಮುರಿದರು. ಇದು ಅವರ ಹಳೆಯ ಅಭ್ಯಾಸ.

“ಈ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟ ಸಿಕ್ಕಿದೆ” ಎಂದು ಅಕ್ಕೋರು ನೆನಪಿಸಿದರು. ಸುಮಾರು 50 ಹೆಕ್ಟೇರಿನ, ಮಳೆನೀರು ಹಿಡಿದು ಹೊಲಗಳಿಗೆ ಕೊಡಲೆಂದು ಮನುಷ್ಯರೇ ಕಟ್ಟಿದ ಈ ಕೆರೆಯಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಕಂಡಿದ್ದು, ಅವುಗಳಲ್ಲಿ 130 ವಲಸೆ ಬರುವಂಥವು. ಚಳಿಗಾಲದಲ್ಲಿ ಸುಮಾರು 8,000 ಹಕ್ಕಿಗಳು ಇಲ್ಲಿರುತ್ತವೆ. ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳ ಅತಿ ದೊಡ್ಡ ಚಳಿಗಾಲದ ನೆಲೆಗಳಲ್ಲಿ ಇದೂ ಒಂದು. ಅದೇ ವರ್ಷ ಅಂಕಸಮುದ್ರ ಮತ್ತು ಅಘನಾಶಿನಿಗೂ ಈ ಮಾನ್ಯತೆ ಬಂತು. ರಂಗನತಿಟ್ಟಿಗೆ 2022ರಲ್ಲಿಯೇ ಬಂದಿತ್ತು.

“ರಾಮ್ಸಾರ್ ಎಂದರೆ ಯಾರು?” ಎಂದು ಯಜಮಾನರು ಕೇಳಿದರು.

“ವ್ಯಕ್ತಿಯಲ್ಲ, ಇರಾನಿನ ಒಂದು ಊರು. 1971ರಲ್ಲಿ ಜೌಗುನೆಲಗಳನ್ನು ಕಾಪಾಡುವ ಒಪ್ಪಂದಕ್ಕೆ ಅಲ್ಲಿ ಸಹಿ ಬಿತ್ತು.”

“ಬಾತು ಮಂಗೋಲಿಯಾದ್ದು, ಒಪ್ಪಂದ ಇರಾನಿನದು, ನೋಡುವವರು ಹುಬ್ಬಳ್ಳಿಯವರು” ಎಂದು ಬೆರಳು ಮಡಿಚಿದ ಯಜಮಾನರು ನಾಲ್ಕನೆಯ ಬೆರಳನ್ನು ತಮ್ಮ ಹೊಲದ ಕಡೆಗೆ ತೋರಿಸಿ ಸುಮ್ಮನಾದರು. ಓಡಿಸುವುದೇ ಆಗಿದ್ದರೆ ಪಟಾಕಿ ಹಚ್ಚಬಹುದಿತ್ತಲ್ಲ ಎಂದು ಮ್ಯಾನೇಜರರು ಕೇಳಿದ್ದಕ್ಕೆ ಅವರು, ಬಾತುಗಳು ಬಾರದಿದ್ದ ವರ್ಷವೆಂದರೆ ಕೆರೆಗೆ ನೀರು ಬಾರದಿದ್ದ ವರ್ಷ, ಆ ವರ್ಷ ತಮಗೂ ಬೆಳೆಯಿಲ್ಲ, ಬಂದರೆ ಸಿಟ್ಟು ಬಾರದಿದ್ದರೆ ಹೆದರಿಕೆ ಎಂದು ಉತ್ತರಿಸಿದರು. ಯಾರೂ ಕೆಲಹೊತ್ತು ಶೇಂಗಾಕ್ಕೆ ಕೈಹಾಕಲಿಲ್ಲ. ಕೈಹಾಕಿದರೂ ಪ್ರಯೋಜನವಿರಲಿಲ್ಲ, ವಕೀಲರು ಮುಗಿಸಿಬಿಟ್ಟಿದ್ದರು.

ಹೊತ್ತು ಇಳಿಯುತ್ತಿದ್ದಂತೆ ಕೆರೆಯಂಚಿನಲ್ಲಿ ಗಲಾಟೆ ಶುರುವಾಯಿತು. ಒಂದೆರಡು ಹೆಬ್ಬಾತುಗಳು ಕತ್ತು ನಿಗುರಿಸಿ ಮೂಗಿನಲ್ಲಿ ಆಂಗ್ ಆಂಗ್ ಎಂದು ಕೂಗಿದವು; ಉಳಿದವು ಉತ್ತರಿಸಿದವು; ಒಂದು ಗುಂಪು ಓಡಿ ಮೇಲೆದ್ದಿತು, ಅದರ ಹಿಂದೆ ಇನ್ನೊಂದು. ತಂದೆ ತಾಯಿಯ ಜೊತೆಯಲ್ಲಿಯೇ ಮೊದಲ ವಲಸೆ ಬಂದ ಮರಿಗಳನ್ನು ಪಟ್ಟೆಯಿಲ್ಲದ ತಲೆಯಿಂದ ಗುರುತಿಸಿರಿ ಎಂದು ಅಕ್ಕೋರು ಕೂಗಿ ಹೇಳಿದರು. ಮ್ಯಾನೇಜರರು ನೋಟು ಎಣಿಸುವ ವೇಗದಲ್ಲಿ ಹಕ್ಕಿ ಎಣಿಸತೊಡಗಿ, ಎರಡು ಸಾಲುಗಳು ಒಂದರೊಳಗೊಂದು ಸೇರಿಕೊಂಡದ್ದರಿಂದ ಲೆಕ್ಕ ತಪ್ಪಿ, ಮೊದಲಿನಿಂದ ಎಣಿಸಲು ಹಕ್ಕಿಗಳನ್ನು ಹಿಂದಕ್ಕೆ ಕಳುಹಿಸುವಂತೆ ಅಕ್ಕೋರನ್ನು ಕೇಳಿಕೊಂಡರು. ಸಾಲುಗಳು ನಮ್ಮ ತಲೆಯ ಮೇಲೆಯೇ ಹಾದು ಯಜಮಾನರ ಹೊಲದ ದಿಕ್ಕಿಗೆ ತಿರುಗಿದವು.

“ಸ್ಥಳ ಮಹಜರಿಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಪರಿಹಾರಕ್ಕೆ ಅರ್ಜಿ ಹಾಕೋಣ, ನಾನೇ ನಡೆಸುತ್ತೇನೆ” ಎಂದರು ವಕೀಲರು.

“ನಿಮ್ಮ ಫೀಸು ಎಷ್ಟಾಗುತ್ತದೆ ಸಾಹೇಬರೇ?”

ವಕೀಲರು ಪರಿಚಯದ ರಿಯಾಯಿತಿಯನ್ನೂ ಕಳೆದು ಒಂದು ಮೊತ್ತ ಹೇಳಿದರು. ಯಜಮಾನರು ಖಾಲಿಯಾದ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ, ಹೊಲದ ಮೇಲೆ ಇಳಿಯುತ್ತಿದ್ದ ಹೆಬ್ಬಾತುಗಳನ್ನೊಮ್ಮೆ ನೋಡಿ, “ಅಷ್ಟು ದುಡ್ಡಿಗೆ ಅವೇ ಇನ್ನು ನಾಲ್ಕು ವರ್ಷ ತಿನ್ನಲಿ ಬಿಡಿರಿ” ಎಂದರು.