ಡೆಂಗಿಗೆ ಆಸ್ಪತ್ರೆ ವಾಸ ಅನಗತ್ಯವಾಗಿತ್ತೆಂದು ಕ್ಲೇಮ್ ತಿರಸ್ಕೃತವಾಗಿದೆ: ಮುಂದೇನು ಮಾಡಬೇಕು?

ಪ್ರಶ್ನೆ (ತುಮಕೂರು)
ನನ್ನ ತಾಯಿಗೆ 62 ವರ್ಷ. ಡೆಂಗಿ ಜ್ವರ ಬಂದು ಪ್ಲೇಟ್‌ಲೆಟ್ 58 ಸಾವಿರಕ್ಕೆ ಇಳಿದಿತ್ತು. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದುದರಿಂದ ವೈದ್ಯರ ಸಲಹೆಯಂತೆ ನಾಲ್ಕು ದಿನ ಆಸ್ಪತ್ರೆಯಲ್ಲಿ ಇರಿಸಿದೆವು. ಬಿಲ್ 41 ಸಾವಿರ ರೂಪಾಯಿಯನ್ನು ನಾವೇ ಕಟ್ಟಿ ಕ್ಲೇಮ್ ಸಲ್ಲಿಸಿದೆವು. ಈಗ, ರೋಗಿಯ ಸ್ಥಿತಿ ಸ್ಥಿರವಾಗಿತ್ತು, ದಾಖಲಾತಿ ತಪಾಸಣೆಗಾಗಿಯೇ ನಡೆದಿದೆ, ಹೊರರೋಗಿಯಾಗಿಯೇ ಚಿಕಿತ್ಸೆ ಪಡೆಯಬಹುದಿತ್ತು ಎಂದು ವಿಮಾ ಕಂಪನಿಯಿಂದ ಪತ್ರ ಬಂದಿದೆ. ಆ ರಾತ್ರಿ ಅಮ್ಮನನ್ನು ಕಣ್ಣಾರೆ ಕಾಣದವರು ಕಾಗದ ನೋಡಿ ಹೀಗೆ ತೀರ್ಮಾನಿಸಬಹುದೇ?

ಉತ್ತರ 1 (ವೈದ್ಯ, ದಾವಣಗೆರೆ)
ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ಹಿಡಿದು ವಾದಿಸಬೇಡಿ, ನಿಮ್ಮ ಬಲ ಇರುವುದು ವಾಂತಿಯಲ್ಲಿ. ಬಿಡದ ವಾಂತಿ, ಹೊಟ್ಟೆನೋವು, ವಸಡಿನ ರಕ್ತಸ್ರಾವ, ವಿಪರೀತ ನಿಶ್ಶಕ್ತಿ ಇವುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಅಪಾಯದ ಮುನ್ಸೂಚನೆಗಳೆಂದು ಪಟ್ಟಿಮಾಡಿ, ಅಂಥವರಿಗೆ ಆಸ್ಪತ್ರೆಯಲ್ಲಿಯೇ ಚಿಕಿತ್ಸೆ ನೀಡಬೇಕೆಂದು ಹೇಳುತ್ತದೆ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಹೆಚ್ಚು ಅಪಾಯದ್ದಾದ್ದರಿಂದ, ಮೈ ಬಿಸಿಯಿರಲಿಲ್ಲ ಎಂಬ ಮಾತ್ರಕ್ಕೆ ಸ್ಥಿತಿ ಸ್ಥಿರವಾಗಿತ್ತು ಎನ್ನಲಾಗದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇಂಥ ವಿವರಗಳು ಬಿಟ್ಟುಹೋಗುವುದುಂಟು. ಅದು ನಮ್ಮವರ ತಪ್ಪೇ ಹೌದು. ಪೂರ್ತಿ ಕೇಸ್ ಶೀಟ್, ನರ್ಸ್‌ಗಳ ಟಿಪ್ಪಣಿ, ಡ್ರಿಪ್ ಚಾರ್ಟ್ ಬರೆದು ಕೇಳಿ. 2002ರ ವೈದ್ಯಕೀಯ ವೃತ್ತಿ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು.

ಉತ್ತರ 2 (ಕ್ಲೇಮ್ ವಿಭಾಗದ ನಿವೃತ್ತ ನೌಕರ, ಮೈಸೂರು)
ಬರೀ ಪರೀಕ್ಷೆಗಳಿಗಾಗಿ ದಾಖಲಾಗುವವರೂ ಇರುವುದರಿಂದ ಪರಿಶೀಲನೆಯನ್ನೇ ತಪ್ಪೆನ್ನಲಾರೆ. ಆದರೆ ಅಂಥ ದಾಖಲಾತಿಗೆ ಹಣ ಕೊಡುವುದಿಲ್ಲ ಎಂಬ ಪಾಲಿಸಿಯ ಷರತ್ತು ಅನ್ವಯಿಸುವುದು ಕೇವಲ ತಪಾಸಣೆಗಾಗಿ ದಾಖಲಾದಾಗ ಮಾತ್ರ. ನಿಮ್ಮ ತಾಯಿಗೆ ಚಿಕಿತ್ಸೆಯೂ ನಡೆದಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯ ಪ್ರಕಾರ ಕ್ಲೇಮ್ ಪರಿಶೀಲನಾ ಸಮಿತಿಯಂಥ ಸಮಿತಿಯ ಒಪ್ಪಿಗೆಯಿಲ್ಲದೆ ತಿರಸ್ಕರಿಸುವಂತಿಲ್ಲ, ಕಾರಣವನ್ನು ಪಾಲಿಸಿಯ ನಿರ್ದಿಷ್ಟ ಷರತ್ತಿನೊಂದಿಗೆ ತಿಳಿಸಬೇಕು. ಇವೆರಡನ್ನೂ ಕೇಳಿ, ದಾಖಲಿಸಿದ ವೈದ್ಯರ ಪತ್ರವನ್ನೂ ಜೊತೆಗಿಟ್ಟು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮಾ ಕಂಪನಿಗಳ ವಿರುದ್ಧದ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿ) ಕಚೇರಿಗೆ ದೂರು ಕೊಡಿ. ಅದಕ್ಕೆ ಒಂದು ವರ್ಷದ ಗಡುವಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಅಲ್ಲಿನ ತೀರ್ಪಿಗೆ ಕಂಪನಿ ಬದ್ಧವಾಗಿರಬೇಕು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ಕೇಸ್ ಶೀಟ್ ಇಂದು ಕೈಸೇರಿತು. ಎರಡನೆಯ ರಾತ್ರಿಯ ನರ್ಸ್ ಟಿಪ್ಪಣಿಯಲ್ಲಿ ಐದು ಬಾರಿ ವಾಂತಿ ಎಂದು ಸಮಯಸಹಿತ ದಾಖಲಾಗಿದೆ. ಸಮ್ಮರಿಯಲ್ಲಿ ಆ ಪದವೇ ಇಲ್ಲ. ಆ ಪುಟವನ್ನೇ ಮೇಲಿಟ್ಟು ಸೋಮವಾರ ಮನವಿ ಕಳುಹಿಸುತ್ತೇನೆ.