‘ಹಾರ್ಡ್‌ವೇರ್ ಲೈನ್ ಎನ್ಕೋಡಿಂಗ್’: ‘ಯಂತ್ರಾಂಶ’ ಎಂದರೆ ಅರ್ಥ ಕೆಡುತ್ತದೆಯೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಡಿಜಿಟಲ್ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಈ ವರ್ಷ ಪ್ರಯೋಗಾಲಯದ ಕೈಪಿಡಿಯನ್ನು ಕನ್ನಡದಲ್ಲಿಯೂ ಸಿದ್ಧಪಡಿಸುತ್ತಿದ್ದು, ಒಂದು ಪ್ರಯೋಗದ ಶೀರ್ಷಿಕೆಯ ಬಳಿ ಬರವಣಿಗೆ ನಿಂತಿದೆ. ಎಫ್‌ಪಿಜಿಎ ಚಿಪ್ಪಿನಲ್ಲಿ (ಒಳಗಿನ ಜೋಡಣೆಯನ್ನು ಬಳಸುವವರೇ ಬೇಕಾದಂತೆ ರೂಪಿಸಿಕೊಳ್ಳಬಹುದಾದ ಚಿಪ್ಪು ಅದು) ತಯಾರಕರೇ ಇಟ್ಟುಕೊಟ್ಟಿರುವ ಹಾರ್ಡ್‌ವೇರ್ ಲೈನ್ ಎನ್ಕೋಡಿಂಗ್ ಘಟಕವನ್ನು, ಅಂದರೆ ಬಿಟ್‌ಗಳನ್ನು ತಂತಿಯಲ್ಲಿ ಕಳಿಸಲು ಹೊಂದುವಂತೆ ಮಾರ್ಪಡಿಸುವ ಘಟಕವನ್ನು ಬಳಸಿ, ಚಿಪ್ಪಿನ ಉಳಿದ ಜಾಗವನ್ನು ಬೇರೆ ಕೆಲಸಕ್ಕೆ ಉಳಿಸಿಕೊಳ್ಳುವುದು ಆ ಪ್ರಯೋಗದ ವಿಷಯ. ಕರಡು ಬರೆದ ವಿದ್ಯಾರ್ಥಿನಿ ಅದಕ್ಕೆ ‘ಯಂತ್ರಾಂಶ ರೇಖಾ ಗೂಢಲಿಪೀಕರಣ’ ಎಂದು ಹೆಸರಿಟ್ಟಿದ್ದಾಳೆ. ನಿಘಂಟು ನೋಡಿಯೇ ಬರೆದದ್ದು ನಿಜ; ಆದರೂ ಮೂರು ಪದಗಳಲ್ಲಿ ಮೂರೂ ದಾರಿ ತಪ್ಪಿವೆ ಎಂದು ನನಗೆ ತೋರುತ್ತದೆ.

‘ಗೂಢಲಿಪೀಕರಣ’ವನ್ನು ಮೊದಲು ಬಿಡಬೇಕು. ಪರರಿಗೆ ತಿಳಿಯಬಾರದೆಂದು ಬರಹವನ್ನು ಮರೆಮಾಚುವುದು ಗೂಢಲಿಪಿ. ಲೈನ್ ಎನ್ಕೋಡಿಂಗ್‌ನಲ್ಲಿ ಗುಟ್ಟೇನೂ ಇಲ್ಲ. ಉದ್ದಕ್ಕೂ ಸೊನ್ನೆಗಳೇ ಹರಿದರೆ ತಂತಿಯ ಆ ತುದಿಯಲ್ಲಿರುವವನಿಗೆ ಒಂದು ಬಿಟ್ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ತೊಡಗಿತು ಎಂಬುದೇ ತಿಳಿಯುವುದಿಲ್ಲ. ಅದಕ್ಕಾಗಿ ಬಿಟ್‌ಗಳನ್ನು ಮಾರ್ಪಡಿಸಿ ಕಳಿಸುತ್ತೇವೆ. ಐಬಿಎಂನ ವಿಡ್ಮರ್ ಮತ್ತು ಫ್ರಾನಾಸೆಕ್ 1983ರಲ್ಲಿ ಪ್ರಕಟಿಸಿದ, ಎಂಟು ಬಿಟ್‌ಗಳನ್ನು ಹತ್ತಾಗಿಸಿ ಕಳಿಸುವ 8ಬಿ/10ಬಿ ವಿಧಾನದಲ್ಲಿ 00000000 ಎಂಬ ಬೈಟು 1001110100 ಅಥವಾ 0110001011 ಆಗಿ ಹೊರಡುತ್ತದೆ. ಎರಡರಲ್ಲಿಯೂ ಐದು ಒಂದು, ಐದು ಸೊನ್ನೆ. ಇಡೀ ಹರಿವಿನಲ್ಲಿ ಒಂದೇ ಅಂಕಿ ಐದಕ್ಕಿಂತ ಹೆಚ್ಚು ಸಲ ಸಾಲಾಗಿ ಬರುವುದಿಲ್ಲ. ಹಾಗೆಂದು ‘ಸಂಕೇತೀಕರಣ’ ಎನ್ನೋಣವೆಂದರೆ, ನಮ್ಮ ಪಠ್ಯಗಳಲ್ಲಿ ಸಿಗ್ನಲ್‌ಗೂ ‘ಸಂಕೇತ’, ಕೋಡ್‌ಗೂ ‘ಸಂಕೇತ’, ಸಿಂಬಲ್‌ಗೂ ‘ಸಂಕೇತ’ವೇ ಇರುವುದರಿಂದ, ‘ಸಂಕೇತವನ್ನು ಸಂಕೇತೀಕರಿಸಿ ಸಂಕೇತವಾಗಿ ಕಳಿಸುವುದು’ ಎಂಬಂಥ ವಾಕ್ಯ ಬರೆಯಬೇಕಾಗುತ್ತದೆ.

‘ರೇಖೆ’ಯ ಮಾತು ಚಿಕ್ಕದು. ಇಲ್ಲಿ ಲೈನ್ ಎಂದರೆ ಗೆರೆಯಲ್ಲ, ತಂತಿ. ಕಂಬ ಹತ್ತುವವನನ್ನು ಲೈನ್‌ಮನ್ ಎಂದೇ ಕರೆಯುವ ನಮ್ಮೂರಿನಲ್ಲಿ ‘ಲೈನ್’ ಎಂದರೆ ಯಾರಿಗೂ ತೊಡಕಾಗದು. ಅದನ್ನು ಹಾಗೆಯೇ ಉಳಿಸಬಹುದು.

ನನ್ನನ್ನು ನಿಜವಾಗಿ ಕಾಡಿರುವುದು ‘ಯಂತ್ರಾಂಶ’. ತಂತ್ರಾಂಶಕ್ಕೆ ಎದುರಾಗಿ ನಿಲ್ಲಿಸಿದಾಗ ಅದು ಒಳ್ಳೆಯ ಪದವೇ. ಆದರೆ ಎಫ್‌ಪಿಜಿಎಯಲ್ಲಿ ವಿದ್ಯಾರ್ಥಿ ವೆರಿಲಾಗ್ ಎಂಬ ವಿನ್ಯಾಸ ಭಾಷೆಯಲ್ಲಿ ಬರೆದದ್ದೂ ಕೊನೆಗೆ ಲುಕಪ್ ಟೇಬಲ್, ಫ್ಲಿಪ್‌ಫ್ಲಾಪ್ ಎಂಬ ಚಿಪ್ಪಿನ ಚಿಕ್ಕ ಬಿಡಿಭಾಗಗಳ ಮಂಡಲವಾಗಿಯೇ (ಸರ್ಕ್ಯೂಟ್) ನಿಲ್ಲುತ್ತದೆ, ಅಂದರೆ ಅದೂ ಯಂತ್ರಾಂಶವೇ. ಇಲ್ಲಿನ ಭೇದ ಬೇರೆ: ಒಂದು, ಸಿಲಿಕಾನ್‌ನಲ್ಲಿ ಹುಟ್ಟುವಾಗಲೇ ಇದ್ದದ್ದು, ಇನ್ನೊಂದು, ನಾವು ಆಮೇಲೆ ಕಟ್ಟಿಕೊಂಡದ್ದು. ಮೊದಲನೆಯದನ್ನು ಬಳಸಿದರೂ ಬಿಟ್ಟರೂ ಅದರ ಜಾಗ ಅದಕ್ಕೇ ಮೀಸಲು. ಎರಡನೆಯದು ಹಂಚಿಕೊಂಡು ಉಣ್ಣಬೇಕಾದ ಗಂಟಿನಿಂದ ಬರುತ್ತದೆ. ಜೈಲಿಂಕ್ಸ್ 7 ಸರಣಿಯ ಎಫ್‌ಪಿಜಿಎಗಳ ಜಿಟಿಎಕ್ಸ್ ಟ್ರಾನ್ಸ್‌ಸೀವರ್‌ಗಳಲ್ಲಿ (ಬಿಟ್‌ಗಳನ್ನು ವೇಗವಾಗಿ ಕಳಿಸುವ, ಪಡೆಯುವ ಭಾಗಗಳು) 8ಬಿ/10ಬಿ ಘಟಕ ಹೀಗೆ ಹುಟ್ಟಿನಿಂದಲೇ ಇದೆ. ಒಂದು ಗುಂಡಿ ಒತ್ತಿದಷ್ಟು ಸಲೀಸಾಗಿ ಅದನ್ನು ತೆರೆಯಬಹುದು.

ಆ ಹುಡುಗಿ ಮೊದಲು ಎಲ್ಲವನ್ನೂ ತಾನೇ ಬರೆದಿದ್ದಳು. 32 ಬಿಟ್ ಒಟ್ಟಿಗೆ ಬಂದಾಗ ನಾಲ್ಕು ಎನ್ಕೋಡರ್ ಬೇಕು. ಒಂದು ಬೈಟಿನಲ್ಲಿ ಒಂದುಗಳು ಹೆಚ್ಚಾದರೆ ಆ ಲೆಕ್ಕ ಮುಂದಿನ ಬೈಟಿಗೆ ದಾಟಬೇಕಾದ್ದರಿಂದ ನಾಲ್ಕೂ ಒಂದಕ್ಕೊಂದು ಕಾಯುತ್ತವೆ. ಬಿಟ್‌ಗಳು ಬಂದು ಸೇರುವ ಕಡೆ ಹತ್ತು ಬಿಟ್‌ಗಳ ಗುಂಪು ಎಲ್ಲಿ ತೊಡಗುತ್ತದೆಂದು ಹುಡುಕಿ ಬಿಟ್‌ಗಳನ್ನು ಸರಿಸಿ ಕೂರಿಸುವ ಮಂಡಲ ಎನ್ಕೋಡರ್‌ಗಿಂತಲೂ ಹೆಚ್ಚು ಜಾಗ ತಿನ್ನುತ್ತದೆ. ಟೈಮಿಂಗ್ ವರದಿಯಲ್ಲಿ ಕೆಂಪು ಸಾಲುಗಳನ್ನು (ಮಂಡಲ ಗಡುವಿನೊಳಗೆ ಕೆಲಸ ಮುಗಿಸುತ್ತಿಲ್ಲ ಎಂಬ ಸೂಚನೆ) ನೋಡಿ ಎರಡು ದಿನ ಕಳೆದ ಮೇಲೆ, ಟ್ರಾನ್ಸ್‌ಸೀವರ್‌ನ ಒಳಗಿನ ಘಟಕವನ್ನು ತೆರೆದು ತನ್ನ ನಾಲ್ಕು ಫೈಲುಗಳನ್ನು ಅಳಿಸಿದಳು. (ದಾಟುವ ಆ ಲೆಕ್ಕಕ್ಕೆ ರನ್ನಿಂಗ್ ಡಿಸ್ಪ್ಯಾರಿಟಿ ಎಂಬ ಹೆಸರಿದೆ. ಕಿರಾಣಿ ಅಂಗಡಿಯ ಖಾತೆಯಂತೆ ಅದನ್ನು ‘ಬಾಕಿ’ ಎಂದುಬಿಟ್ಟರೆ ಸಾಕೆಂದು ನನ್ನ ಮತ.)

‘ಅಂತರ್ನಿರ್ಮಿತ’ ಎಂದು ಸಹೋದ್ಯೋಗಿಗಳು ಸೂಚಿಸಿದರು. ಚಿಪ್ಪಿನ ಒಳಗೆ ವಿದ್ಯಾರ್ಥಿ ನಿರ್ಮಿಸಿದ್ದೂ ಅಂತರ್ನಿರ್ಮಿತವೇ ಅಲ್ಲವೇ ಎಂಬುದು ನನ್ನ ಆಕ್ಷೇಪ. ‘ಸ್ಥಿರ ಮಂಡಲ’ ಎಂದರೆ ಬೆಲೆಯೋ ವೋಲ್ಟೇಜೋ ಸ್ಥಿರವಾಗಿರುವಂತೆ ಕೇಳಿಸುತ್ತದೆ. ಹುಟ್ಟುಗುಣ, ಹುಟ್ಟುಗುರುಡು ಎಂಬ ಮಾತುಗಳ ಜಾಡು ಹಿಡಿದು ನಾನು ‘ಹುಟ್ಟುಮಂಡಲ’ ಎಂದು ಬರೆದಿದ್ದೇನೆ. ಅದಕ್ಕೆ ಜೋಡಿಯಾಗಿ ನಾವು ಮಾಡಿಕೊಂಡದ್ದಕ್ಕೆ ‘ಕಟ್ಟುಮಂಡಲ’.

ಚಿಪ್ಪಿನ ಫ್ಯಾಬ್ರಿಕ್‌ಗೆ ಮಾತ್ರ ಪದ ತಾನಾಗಿ ಬಂದಿತು. ಬೆಟಗೇರಿಯ ನೇಕಾರರ ಓಣಿಯಲ್ಲಿ ಬೆಳೆದವನಿಗೆ, ಅಡ್ಡ ಉದ್ದ ತಂತಿಗಳು ಕೂಡುವಲ್ಲಿ ಲಾಜಿಕ್ ಕೂತಿರುವ ಆ ಹರವು ಹಾಸು ಹೊಕ್ಕಿನ ನೇಯ್ಗೆಯಾಗಿಯೇ ಕಾಣುತ್ತದೆ. ಟ್ರಾನ್ಸ್‌ಸೀವರ್‌ಗಳು ಹೆಚ್ಚಾಗಿ ಅದರ ದಡಿಯಲ್ಲಿರುತ್ತವೆ. ‘ದಡಿಯ ಹುಟ್ಟುಮಂಡಲ ಬಳಸಿ ನೇಯ್ಗೆಯ ಜಾಗ ಉಳಿಸುವುದು’ ಎಂದು ಬರೆದು ತೋರಿಸಿದಾಗ ಆ ಹುಡುಗಿಗೆ ಕೂಡಲೇ ಅರ್ಥವಾಯಿತು. ಆದರೆ ಸೀರೆಯ ಅಂಚಿಗೆ ‘ದಡಿ’ ಎನ್ನದ ಮೈಸೂರು, ಮಂಗಳೂರು ಕಡೆಯ ಓದುಗರಿಗೆ ಅದು ಬಡಿಗೆಯಾಗಿ ಕೇಳಿಸೀತು.

ನನ್ನ ಪ್ರಶ್ನೆಗಳು ಎರಡು. ‘ಹುಟ್ಟುಮಂಡಲ’ದಲ್ಲಿ ‘ಹುಟ್ಟು’ ಎಂಬುದು ನಿರ್ಜೀವ ವಸ್ತುವಿಗೆ ಸಲ್ಲುತ್ತದೆಯೇ, ಅಂಥ ಹಳೆಯ ಪ್ರಯೋಗಗಳು ನಿಮ್ಮ ಗಮನಕ್ಕೆ ಬಂದಿವೆಯೇ? ಮತ್ತು ‘ಸಂಕೇತ’ವನ್ನು ಸಿಗ್ನಲ್‌ಗೆ ಬಿಟ್ಟುಕೊಟ್ಟರೆ, ಎನ್ಕೋಡಿಂಗ್‌ಗೆ ಯಾವ ಕ್ರಿಯಾಪದ ಉಳಿಯುತ್ತದೆ?